ಕೆಸರು ಇರುವಷ್ಟು ಹೊತ್ತು

ಓಟದ ಮರುದಿನ ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಲು ನನ್ನ ಹೆಂಡತಿ ಒಂದು ಕಡೆಯಿಂದ ನೂಕಿದಳು. ಆಮೇಲೆ ಇನ್ನೊಂದು ಕಡೆಗೆ ಬಂದು ಎಳೆದಳು. ಎರಡರಿಂದಲೂ ಪ್ರಯೋಜನವಾಗದೆ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಂಗಡೀಲಿ ಗಿರಾಕಿಗಳಿಗೆ ಏನು ಹೇಳ್ಕೊಡ್ತೀರೋ ಅದನ್ನೇ ಮಾಡಿ ನೋಡೋಣ," ಎಂದಳು.

ನಾನು ಹಾಸಿಗೆ ಅಂಗಡಿಯಲ್ಲಿ ಮಾರಾಟದವನು. ಹಾಸಿಗೆಯಿಂದ ಏಳುವ ವಿಷಯದಲ್ಲಿ ನನ್ನಷ್ಟು ತಿಳಿದವರು ಊರಲ್ಲಿ ಕಡಿಮೆ. ಮೊದಲು ಮಗ್ಗುಲಾಗಬೇಕು, ಕಾಲು ಕೆಳಗಿಳಿಸಬೇಕು, ಮೊಣಕೈ ಊರಿ ನಿಧಾನಕ್ಕೆ ಏಳಬೇಕು. ಹಾಗೆ ಎದ್ದರೆ ನೀವು ಎದ್ದಿದ್ದು ಬೆನ್ನಿಗೇ ಗೊತ್ತಾಗುವುದಿಲ್ಲ ಎಂದು ದಿನವೂ ಗಿರಾಕಿಗಳ ಮುಂದೆ ಮಲಗಿ ಎದ್ದು ತೋರಿಸುತ್ತೇನೆ. ಅದೇ ಕ್ರಮದಲ್ಲಿ ಮಗ್ಗುಲಾದೆ. ಬೆನ್ನಿಗೆ ಗೊತ್ತಾಯಿತು. ಕುತ್ತಿಗೆಗೆ, ತೊಡೆಗೆ, ಮೀನಖಂಡಕ್ಕೆ, ಇಷ್ಟು ವರ್ಷ ನನ್ನ ಜೊತೆಯಲ್ಲಿದ್ದೂ ಒಂದು ಮಾತಾಡದಿದ್ದ ಪಕ್ಕೆಲುಬುಗಳಿಗೂ ಗೊತ್ತಾಯಿತು. ನಾನು ಹಾಕಿದ ಕೂಗಿಗೆ ಮೇಲಿನ ಮನೆಯವರು ನೆಲ ಕುಟ್ಟಿದರು.

ಆದರೆ ನಾನು ಹಾಗೆ ಬಿದ್ದುಕೊಂಡಿದ್ದಕ್ಕೆ ನೋವೊಂದೇ ಕಾರಣವಲ್ಲ. ಹಿಂದಿನ ಸಂಜೆ ನಮ್ಮಪ್ಪ ನನ್ನನ್ನು ಗುರುತು ಹಿಡಿದಿದ್ದರು. ಅದು ಕನಸೋ ನಿಜವೋ ಎಂದು ಚಾವಣಿ ನೋಡುತ್ತಾ ಯೋಚಿಸುತ್ತಿದ್ದೆ. ಅದನ್ನು ಹೇಳಬೇಕಾದರೆ ನಮ್ಮ ಮಾಲೀಕರಿಂದಲೇ ಶುರುಮಾಡಬೇಕು.

ನಮ್ಮ ಮಾಲೀಕರಿಗೆ ಆಗಾಗ ಪ್ರಚಾರದ ಹುಚ್ಚು ಕೆರಳುತ್ತದೆ. ಈ ಸಲ, ಊರಾಚೆಯ ಬಯಲಿನಲ್ಲಿ ಕೆಸರು ಓಟ ನಡೆಯುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಸುಮ್ಮನೆ ಓಡುವುದಲ್ಲ, ಟೈರುಗಳ ಮೇಲೆ ಹಾರಬೇಕು, ಬಲೆಯ ಕೆಳಗೆ ಕೆಸರಲ್ಲಿ ತೆವಳಬೇಕು, ಮರದ ಗೋಡೆ ಹತ್ತಿ ಇಳಿಯಬೇಕು, ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಮುಳುಗಿ ಏಳಬೇಕು. ಇದನ್ನೆಲ್ಲ ಮಾಡಲು ಜನ ತಾವಾಗಿಯೇ ಮುಂದೆ ಬರುತ್ತಾರಂತೆ. ಮಾಲೀಕರು ನಮ್ಮೆಲ್ಲರನ್ನೂ ಗೋದಾಮಿನಲ್ಲಿ ಸೇರಿಸಿ, "ನಮ್ಮ ಅಂಗಡಿ ಕಡೆಯಿಂದ ಒಬ್ಬರು ಓಡ್ಬೇಕು. ಬಲವಂತ ಏನಿಲ್ಲ. ಯಾರ್ಯಾರಿಗೆ ಆಗಲ್ವೋ ಅವರು ಕೈ ಎತ್ತಿ," ಎಂದರು.

ಎಲ್ಲರ ಕೈಗಳೂ ಸರ್ರನೆ ಮೇಲೇರಿದವು. ನಾನು ಆಗ ಜೋಡಿ ಮಂಚದ ಹಾಸಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಎರಡು ಕೈಗಳಿಂದಲೂ ತಬ್ಬಿ ಹಿಡಿದು, ಹಲ್ಲಿನಿಂದ ಅದರ ಪ್ಲಾಸ್ಟಿಕ್ ಬಿಚ್ಚುತ್ತಿದ್ದೆ. ಕೈ ಬಿಟ್ಟರೆ ಅದು ನೇರವಾಗಿ ಮಾಲೀಕರ ಮೇಲೆಯೇ ಬೀಳುತ್ತಿತ್ತು. ಮಾಲೀಕರು ಕೈ ಎತ್ತದ ನನ್ನನ್ನು ಕಂಡು ಗದ್ಗದಿತರಾದರು. "ನೋಡ್ರಯ್ಯಾ! ಇವರೊಬ್ಬರಿಗೆ ಅಂಗಡಿ ಮೇಲೆ ಅಭಿಮಾನ ಇದೆ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಲ್ಲಿದ್ದ ಪ್ಲಾಸ್ಟಿಕ್ ಉಗುಳಿ ನಿಜ ಹೇಳಿಬಿಡಬಹುದಿತ್ತು. ಆದರೆ ನನ್ನ ಜೀವಮಾನದಲ್ಲಿ ಯಾರೂ ನನಗೆಂದು ಚಪ್ಪಾಳೆ ತಟ್ಟಿದವರಲ್ಲ. ಅದು ಮುಗಿಯುವವರೆಗೆ ಕಾಯೋಣ ಎಂದುಕೊಂಡೆ. ಮುಗಿಯುವಷ್ಟರಲ್ಲಿ ನನ್ನ ಹೆಸರು ಓಟದ ಪಟ್ಟಿಗೆ ಹೋಗಿಬಿಟ್ಟಿತ್ತು.

ಓಟದ ದಿನ ಮಾಲೀಕರು ನನಗೊಂದು ಬಿಳಿಯ ಅಂಗಿ ಕೊಟ್ಟರು. ಅದರ ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ, 'ಮಲಗಿದರೆ ಹೀಗೆ ಮಲಗಬೇಕು' ಎಂದು ನಮ್ಮ ಅಂಗಡಿಯ ಘೋಷಣೆ. ಆ ಅಂಗಿ ತೊಟ್ಟು ನಾನು ಮೊದಲ ಟೈರಿನಲ್ಲೇ ಕಾಲು ಸಿಕ್ಕಿ, ಕೆಸರಿನಲ್ಲಿ ಮುಖ ಅಡಿಯಾಗಿ, ಕೈಕಾಲು ಚಾಚಿ ಬಿದ್ದೆ. ಓಟದ ಉದ್ದಕ್ಕೂ ಫೋಟೋ ತೆಗೆಯುವವರು ನಿಂತಿದ್ದರು. ಆ ಫೋಟೋ ಈಗಲೂ ಅಂಗಡಿಯ ಬಾಗಿಲಲ್ಲಿದೆ. ಅದನ್ನು ನೋಡಿ ಒಳಗೆ ಬಂದ ಗಿರಾಕಿಗಳೂ ಇದ್ದಾರೆ.

ಬಲೆಯ ಕೆಳಗೆ ನಾನು ತೆವಳಲಿಲ್ಲ, ಹಿಂದಿನವರು ನೂಕಿದ್ದರಿಂದ ಮುಂದಕ್ಕೆ ಹೋದೆ. ಗೋಡೆಯ ಬಳಿ ನಿಂತು ಅದರ ಎತ್ತರವನ್ನು ನೋಡುತ್ತಿದ್ದಾಗ ಅಪರಿಚಿತ ಹುಡುಗಿಯೊಬ್ಬಳು, "ಅಂಕಲ್, ನನ್ನ ಹೆಗಲ ಮೇಲೆ ಕಾಲಿಡಿ, ಪರ್ವಾಗಿಲ್ಲ," ಎಂದಳು. ಇಟ್ಟೆ. ಅವಳಿಗೆ ಪರವಾ ಇತ್ತು, ಆದರೂ ಪಾಪ, ಎತ್ತಿದಳು. ಮಂಜಿನ ತೊಟ್ಟಿಯಲ್ಲಿ ಮುಳುಗಿದಾಗ ನನಗೆ ತೀರಿಹೋದ ನಮ್ಮಮ್ಮ ಕಂಡರು. ಕೊನೆಯ ಗೆರೆ ದಾಟಿದಾಗ ಅಲ್ಲಿ ಪದಕ ಕೊಡಬೇಕಾದವರು ಕುರ್ಚಿಗಳನ್ನು ಮಡಿಸಿ ಗಾಡಿಗೆ ಹಾಕುತ್ತಿದ್ದರು. ಒಬ್ಬ ಪದಕವನ್ನು ನನ್ನ ಕೊರಳಿಗೆ ಹಾಕಿ, ನನ್ನ ಕೈಯಲ್ಲೇ ಒಂದು ಕುರ್ಚಿ ಹೊರಿಸಿದ.

ತೊಳೆದುಕೊಳ್ಳೋಣವೆಂದರೆ ನಲ್ಲಿಗಳಲ್ಲಿ ನೀರು ಮುಗಿದಿತ್ತು. ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡು ಎರಡು ಬಾಗಿಲುಗಳನ್ನೂ ಮುಚ್ಚಿಸಿದ. ಕೊನೆಗೆ ನಮ್ಮ ಅಂಗಡಿಯ ವ್ಯಾನಿನವನೇ ಬಂದ. ಅವನೂ, "ಹೊಸ ಹಾಸಿಗೆಗಳಿವೆ ಅಣ್ಣಾ, ತಪ್ಪು ತಿಳ್ಕೋಬೇಡಿ," ಎಂದು ಹಾಸಿಗೆಯ ಪ್ಲಾಸ್ಟಿಕ್ ಚೀಲವೊಂದರೊಳಗೆ ನನ್ನನ್ನು ಕುತ್ತಿಗೆಯವರೆಗೆ ಇಳಿಸಿ, ಟೇಪು ಸುತ್ತಿ ಹಿಂದುಗಡೆ ಒರಗಿಸಿದ. ನಮ್ಮ ಕಟ್ಟಡದ ಮುಂದೆ ನನ್ನನ್ನು ಇಳಿಸಿ ಟೇಪು ಬಿಚ್ಚುವುದನ್ನು ಮೇಲಿನ ಮನೆಯವರು ಬಾಲ್ಕನಿಯಿಂದ ನೋಡಿದರು. ಅವರ ಬಾಲ್ಕನಿಯ ತುಂಬ ಹೂವಿನ ಕುಂಡಗಳಿರುವುದರಿಂದ ನಾವು ಅವರನ್ನು ಕುಂಡದಮ್ಮ ಎನ್ನುತ್ತೇವೆ. ಅವರಿಗೆ ಕೇಳಿಸದ ಹಾಗೆ.

ಈಗ ನಮ್ಮಪ್ಪನ ವಿಷಯ. ಅವರು ನೆಲ ಹಾಸುವ ಮೇಸ್ತ್ರಿಯಾಗಿದ್ದವರು. ಊರಿನ ಅರ್ಧ ಮನೆಗಳ ಟೈಲ್ಸು ಅವರ ಕೈಯಿಂದ ಕೂತದ್ದು. ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದು, ಒಳಗೆ ಸಿಮೆಂಟು ತುಂಬಿದೆಯೋ ಟೊಳ್ಳಾಗಿದೆಯೋ ಹೇಳುತ್ತಿದ್ದರು. ಕೆಲವು ವರ್ಷಗಳಿಂದ ಅವರ ನೆನಪು ಒಂದೊಂದೇ ಎದ್ದು ಹೋಗುತ್ತಿದೆ. ಮೊದಲು ಓಣಿಗಳು ಹೋದವು, ಆಮೇಲೆ ಹೆಸರುಗಳು, ಆಮೇಲೆ ಅಮ್ಮ ತೀರಿಹೋದದ್ದು, ಕೊನೆಗೆ ನಾನು. ನಮ್ಮ ಮನೆಯನ್ನು ಅವರು ಯಾರದೋ ಕಟ್ಟಡದ ಕೆಲಸವೆಂದು ತಿಳಿದಿದ್ದಾರೆ. ನಾನು ಕೆಲಸ ಕೊಟ್ಟ ಯಜಮಾನ. ಸಂಜೆ ನಾನು ಅಂಗಡಿಯಿಂದ ಬಂದ ಕೂಡಲೇ ಎದ್ದು ನಿಂತು, "ಯಜಮಾನ್ರೇ, ಆ ಮೂಲೆ ಸ್ವಲ್ಪ ಟೊಳ್ಳಿದೆ, ನಾಳೆ ಎಬ್ಬಿಸಿ ಹಾಕ್ತೀನಿ. ಇವತ್ತಿಗೆ ಮನೆಗೆ ಹೋಗ್ಲಾ?" ಎಂದು ಕೇಳುತ್ತಾರೆ. ನನ್ನ ಹೆಂಡತಿಗೆ, "ಅಮ್ಮಾವ್ರೇ, ಕಾಫಿ ಚೆನ್ನಾಗಿತ್ತು," ಎಂದು ಕೈಮುಗಿಯುತ್ತಾರೆ. ಹೆತ್ತ ಅಪ್ಪ ಎದ್ದು ನಿಂತು 'ನೀವು' ಎಂದರೆ ಹೇಗಿರುತ್ತದೆ ಎನ್ನುವುದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಲು ಬರುವುದೂ ಇಲ್ಲ. "ಇವತ್ತು ಇಲ್ಲೇ ಇರಿ ಮೇಸ್ತ್ರೀ, ಹೊತ್ತಾಯ್ತು," ಎನ್ನುತ್ತೇನೆ. ಅವರು ಒಪ್ಪುತ್ತಾರೆ. ಯಜಮಾನರ ಮಾತಿಗೆ ಎದುರಾಡುವ ಮನುಷ್ಯನಲ್ಲ.

ಓಟದ ಸಂಜೆ ನಾನು ಪ್ಲಾಸ್ಟಿಕ್ಕಿನಿಂದ ಬಿಡಿಸಿಕೊಂಡು, ಪದಕವನ್ನು ಸರಿಮಾಡಿಕೊಂಡು, ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ.

"ಏ ಎಮ್ಮೇ! ನಿಲ್ಲು ಅಲ್ಲೇ!"

ನಿಂತುಬಿಟ್ಟೆ. ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವರು ಪ್ರಪಂಚದಲ್ಲಿ ಒಬ್ಬರೇ. ಕಂಡ ಹೊಂಡಕ್ಕೆಲ್ಲ ಇಳಿದು ಮೈಯೆಲ್ಲ ಕೆಸರು ಮಾಡಿಕೊಂಡು ಬರುತ್ತಿದ್ದ ಹುಡುಗನಿಗೆ ಅಪ್ಪ ಇಟ್ಟ ಹೆಸರು ಅದು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ನನಗೇ ಅದು ಮರೆತಿತ್ತು.

"ಮತ್ತೆ ಬಿದ್ದು ಬಂದ್ಯಾ? ಒಂದು ಹೆಜ್ಜೆ ಒಳಗಿಟ್ಟರೆ ಕಾಲು ಮುರೀತೀನಿ ನೋಡು! ಈಗಷ್ಟೇ ನೆಲ ಹಾಕಿದೀನಿ, ಇನ್ನೂ ಸಿಮೆಂಟು ಕಚ್ಚಿಲ್ಲ!"

ಅಪ್ಪ ಸರಸರನೆ ಬಚ್ಚಲಿಗೆ ಹೋದರು. ಬಚ್ಚಲಿನ ದಾರಿಯನ್ನು ದಿನಕ್ಕೆ ಹತ್ತು ಸಲ ಕೇಳುವವರು, ಬಕೆಟ್ಟು ಚೊಂಬು ಹಿಡಿದು ನೇರವಾಗಿ ಬಂದರು. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, ಮಂಡಿಯೂರಿ ಕೂತು ಕಾಲು ತೊಳೆಯತೊಡಗಿದರು. ಬೆರಳ ಸಂದಿಯಲ್ಲಿ ಹೆಬ್ಬೆರಳು ಹಾಕಿ ಉಜ್ಜಿದರು. "ಉಗುರೊಳಗೆ ನೋಡು, ಉಗುರೊಳಗೆ! ನಿಮ್ಮಮ್ಮ ನೋಡಿದ್ರೆ ಇಬ್ಬರಿಗೂ ಊಟ ಹಾಕಲ್ಲ," ಎಂದರು. ನನ್ನ ಹೆಂಡತಿ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ.

ಕಾಲಾಯಿತು, ಕೈಯಾಯಿತು. ಅಪ್ಪ ಟವೆಲಿನ ಅಂಚು ಒದ್ದೆ ಮಾಡಿ ನನ್ನ ಮುಖ ಒರೆಸಿದರು. ಹಣೆ ಒರೆಸಿದರು, ಕೆನ್ನೆ ಒರೆಸಿದರು. ಒರೆಸುತ್ತಿದ್ದ ಕೈ ನಿಧಾನವಾಯಿತು. ಮುಖ ನೋಡಿದರು. ಗಾಬರಿಯಿಂದ ಎದ್ದು ನಿಂತು, ಟವೆಲನ್ನು ಹಿಂದೆ ಮುಚ್ಚಿಟ್ಟುಕೊಂಡು, "ಯಜಮಾನ್ರೇ, ನೀವು ಯಾವಾಗ ಬಂದ್ರಿ?" ಎಂದರು.

ಮರುದಿನ ಬೆಳಿಗ್ಗೆ ನೋವಿನ ನಡುವೆ ಚಾವಣಿ ನೋಡುತ್ತಾ ನಾನು ಯೋಚಿಸುತ್ತಿದ್ದದ್ದು ಇದನ್ನೇ. ಕೆಸರು ಇರುವಷ್ಟು ಹೊತ್ತು ನಾನು ಮಗ, ತೊಳೆದ ಮೇಲೆ ಯಜಮಾನ. ಮುಲಾಮು ಸವರುತ್ತಿದ್ದ ಹೆಂಡತಿಗೆ ಹೇಳಿದೆ. ಅವಳು ಮುಲಾಮಿನ ಡಬ್ಬಿ ಮುಚ್ಚಿ, "ಮುಖ ಒರೆಸೋಕೆ ಯಾಕೆ ಬಿಟ್ರಿ?" ಎಂದಳು.

ಮೊದಲ ಸಲ ನಾನು ಮಣ್ಣು ಕದ್ದದ್ದು ಕುಂಡದಮ್ಮನ ಕುಂಡದಿಂದ. ಮೆಟ್ಟಿಲ ಪಕ್ಕದಲ್ಲಿಟ್ಟಿದ್ದ ದೊಡ್ಡ ಕುಂಡ. ನಮ್ಮ ನಲ್ಲಿಯ ನೀರು ಬೆರೆಸಿ ಬಾಗಿಲ ಹೊರಗೆ ನಿಂತೇ ಬಳಿದುಕೊಂಡೆ. ಮಂಡಿ ಮಡಿಸಲು ಇನ್ನೂ ಬರುತ್ತಿರಲಿಲ್ಲವಾದ್ದರಿಂದ ಮಂಡಿಯಿಂದ ಕೆಳಗೆ ಹೆಂಡತಿಯೇ ಬಳಿದಳು. ಮಣ್ಣಿನಲ್ಲಿ ಗೊಬ್ಬರವಿತ್ತು, ವಾಸನೆ ತಡೆಯಲಾಗುತ್ತಿರಲಿಲ್ಲ. ಆದರೆ ಅಪ್ಪ ಬಾಗಿಲು ತೆರೆದು, "ಏ ಎಮ್ಮೇ, ಈ ಸಲ ಯಾವ ತಿಪ್ಪೇಲಿ ಬಿದ್ಯೋ?" ಎಂದಾಗ ನನಗೆ ವಾಸನೆ ಹೋಯಿತು.

ಆ ದಿನ ಮುಖ ಮುಟ್ಟಲು ಬಿಡಲಿಲ್ಲ. "ಅಮ್ಮ ತೊಳೀತಾಳಪ್ಪ," ಎಂದುಬಿಟ್ಟೆ. ಅಪ್ಪ ಒಪ್ಪಿದರು. ಕೆಸರು ಮುಖದಲ್ಲೇ ಅವರ ಪಕ್ಕದಲ್ಲಿ ಕೂತು ಊಟ ಮಾಡಿದೆ. ಅವರು ತಮ್ಮ ತಟ್ಟೆಯಿಂದ ತೆಗೆದು ನನ್ನ ತಟ್ಟೆಗೆ ಹಾಕಿದರು. ಶಾಲೆಯಲ್ಲಿ ಯಾರಾದರೂ ಹೊಡೆದರಾ ಎಂದು ಕೇಳಿದರು. ರಸಮಟ್ಟದಲ್ಲಿ ಗುಳ್ಳೆ ಹೇಗೆ ನಡುವೆ ನಿಲ್ಲಬೇಕು, ಆಗಲೇ ನೆಲ ಸಮ ಎಂದು ಹೇಗೆ ತಿಳಿಯುವುದು ಎಂದು ಹೇಳಿಕೊಟ್ಟರು. ಕೆಸರು ಒಣಗಿ ಕೆನ್ನೆ ಬಿಗಿಯುತ್ತಿತ್ತು. ನಗಬಾರದು, ನಕ್ಕರೆ ಉದುರುತ್ತದೆ. ಅಳುವುದು ಇನ್ನೂ ಅಪಾಯ. ಮುಖವನ್ನು ಹಲಗೆ ಮಾಡಿಕೊಂಡು ಕೇಳಿದೆ.

ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಕೆಸರೇ. ಕುಂಡದಮ್ಮನ ಗಿಡಗಳು ಬೇರು ಹೊರಬಿದ್ದು ಬಾಗಿದವು. ಅವರು ಹೆಗ್ಗಣವೆಂದರು, ಬೆಕ್ಕೆಂದರು, ಕೊನೆಗೆ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗೆ ದೂರು ಕೊಟ್ಟರು. ಕಾರ್ಯದರ್ಶಿ ಮೂರನೇ ಮಹಡಿಯವರು, ಕೊರಳಲ್ಲಿ ಸದಾ ಸೀಟಿ. ಕಟ್ಟಡದಲ್ಲಿ ಬಲ್ಬು ಹೋದರೂ ಮೂರು ಜನರ ಸಮಿತಿ ಮಾಡುವ ಮನುಷ್ಯ. ನಾನು ಅಷ್ಟರಲ್ಲಿ ಕುಂಡ ಬಿಟ್ಟು ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಬಡ್ತಿ ಪಡೆದಿದ್ದೆ. ಅಲ್ಲಿ ನಲ್ಲಿಯೂ ಇತ್ತು, ಒಳ್ಳೆಯ ಜೇಡಿಮಣ್ಣೂ ಇತ್ತು. ಒಂದು ಬೆಳಿಗ್ಗೆ ನಾನು ಚಡ್ಡಿಯಲ್ಲಿ ಕೂತು ಬೆನ್ನಿಗೆ ಕೆಸರು ಎಟುಕಿಸಿಕೊಳ್ಳುತ್ತಿದ್ದಾಗ ಕಾರ್ಯದರ್ಶಿ ಸೀಟಿ ಊದುತ್ತಾ ಬಂದರು. ಹಿಂದೆ ಕುಂಡದಮ್ಮ.

"ಏನ್ರೀ ಇದು? ಸಂಘದ ಜಾಗದಲ್ಲಿ ಏನು ಮಾಡ್ತಿದೀರಿ?"

ನನ್ನ ಅಪ್ಪನಿಗೆ ನಾನು ಯಾರೆಂದು ಗೊತ್ತಿಲ್ಲ ಸ್ವಾಮಿ ಎಂದು ಚಡ್ಡಿಯಲ್ಲಿ ಕೂತು ಹೇಗೆ ಹೇಳಲಿ? ಕುಂಡದಮ್ಮನ ಮುಂದೆ ಹೇಳಿದರೆ ಸಂಜೆಯೊಳಗೆ ಎಲ್ಲ ಮಹಡಿಗಳಿಗೂ ಗೊತ್ತಾಗಿ, ಜನ ಬಂದು ಅಪ್ಪನನ್ನು, 'ನಾನು ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡುತ್ತಾರೆ. ಅದನ್ನು ಒಂದು ಸಲ ನೋಡಿದ್ದೇನೆ. ಅಪ್ಪ ಅವಮಾನದಿಂದ ಇಡೀ ದಿನ ನೆಲವನ್ನೇ ಬಡಿಯುತ್ತಾ ಕೂತಿದ್ದರು.

"ತಾಲೀಮು ಸಾರ್," ಎಂದೆ. "ಮುಂದಿನ ಕೆಸರು ಓಟಕ್ಕೆ. ಮೈಗೆ ಕೆಸರು ಒಗ್ಗಬೇಕು."

ಕಾರ್ಯದರ್ಶಿಯ ಬಾಯಿಂದ ಸೀಟಿ ಉದುರಿತು. "ಪದಕ ಬಂದಿದ್ದು ನಿಮಗೇನಾ? ನಮ್ಮ ಕಟ್ಟಡದಲ್ಲಿ ಇಂಥವರು ಇದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!" ಎಂದು ನನ್ನ ಕೆಸರು ಕೈ ಹಿಡಿದು ಕುಲುಕಿದರು. ಕುಂಡದಮ್ಮ ನನ್ನ ಮುಖವನ್ನೇ ಹತ್ತಿರದಿಂದ ನೋಡಿ, "ಚರ್ಮ ಸ್ವಲ್ಪ ಹೊಳೀತಾ ಇದೆಯಲ್ಲ? ಸುಕ್ಕಿಗೂ ಒಳ್ಳೇದಾ ಇದು?" ಎಂದರು. "ಬಹಳ ಒಳ್ಳೇದು," ಎಂದೆ. ಅವರ ಗಿಡಗಳ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಅದಕ್ಕೂ ಮುಂಚೆ ಕುಂಡದಮ್ಮ ಬೇರೆ ಊರಲ್ಲಿರುವ ನಮ್ಮ ಅಕ್ಕನಿಗೆ ಫೋನು ಮಾಡಿಬಿಟ್ಟಿದ್ದರು. ನಿಮ್ಮ ತಮ್ಮನಿಗೆ ತಲೆ ಕೆಟ್ಟಿದೆ, ಮಣ್ಣು ಮೆತ್ತಿಕೊಂಡು ಓಡಾಡುತ್ತಾನೆ ಎಂದು. ಅಕ್ಕ ಸಿಕ್ಕ ಬಸ್ಸು ಹಿಡಿದು ಬಂದಳು. ಚಿಕ್ಕಂದಿನಿಂದಲೂ ಅಕ್ಕನೆಂದರೆ ಶುಚಿ. ಅವಳ ಬಟ್ಟೆಯ ಮಡಿಕೆ ಮುರಿದದ್ದನ್ನು ನಾನು ನೋಡಿಲ್ಲ. ಬಾಗಿಲಲ್ಲಿ ಕೆಸರಾಗಿ ನಿಂತಿದ್ದ ನನ್ನನ್ನು ಕಂಡು, "ಏನೋ ಇದು ನಿನ್ನ ಅವತಾರ? ಅಪ್ಪನ್ನ ನೋಡ್ಕೋಬೇಕಾದವನು ನೀನೇ ಹೀಗಾದ್ರೆ ಹೇಗೋ?" ಎಂದು ಅಳಲು ಶುರುಮಾಡಿದಳು. ಹೆಂಡತಿ ಅವಳನ್ನು ಎಳೆದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು. ನಾನು ಬಾಗಿಲು ಬಡಿದೆ. ಅಪ್ಪ ತೆರೆದರು, ಬೈದರು, ಬಕೆಟ್ಟು ತಂದರು, ಕಾಲು ತೊಳೆದರು. ಅಕ್ಕ ಅಳು ನಿಲ್ಲಿಸಿ ನೋಡುತ್ತಾ ನಿಂತಳು.

ಆಮೇಲೆ ಅವಳು ಯಾರಿಗೂ ಹೇಳದೆ ಹಿಂದಿನ ಜಾಗಕ್ಕೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಪಾದಕ್ಕೆ, ಮೊಣಕೈಗೆ, ಒಂದು ಕೆನ್ನೆಗೆ ಅಚ್ಚುಕಟ್ಟಾಗಿ ಕೆಸರು ಹಚ್ಚಿಕೊಂಡಿದ್ದಳು. ಕೆಸರಿನಲ್ಲೂ ಅವಳಿಗೆ ಅಂಚು ನೇರವಾಗಿರಬೇಕು. ಬಾಗಿಲು ಬಡಿದು, "ಅಪ್ಪಾ, ಬಿದ್ದುಬಿಟ್ಟೆ," ಎಂದಳು.

ಅಪ್ಪ ಅವಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಜಾರಿದ್ರಾ ಅಮ್ಮಾ? ಪೆಟ್ಟಾಯ್ತಾ? ತಗೊಳ್ಳಿ, ನೀರು," ಎಂದು ಚೊಂಬನ್ನು ಅವಳ ಕೈಗೆ ಕೊಟ್ಟು, ಮರ್ಯಾದೆಯಿಂದ ಬೇರೆ ಕಡೆ ತಿರುಗಿ ನಿಂತರು.

ಅಕ್ಕ ತಾನೇ ಕಾಲು ತೊಳೆದುಕೊಂಡಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ಚಿಕ್ಕವಳಿದ್ದಾಗ ನಾನು ಅಷ್ಟು ಶುಚಿಯಾಗಿ ಇರಬಾರದಿತ್ತು ಕಣೋ," ಎಂದಳು. ಬಸ್ಸು ಹೋಯಿತು.

ಇತ್ತ ಕಾರ್ಯದರ್ಶಿ ಸುಮ್ಮನಿರಲಿಲ್ಲ. ಸಮಿತಿ ಮಾಡಿದರು. 'ಕೆಸರು ವ್ಯಾಯಾಮ ಶಿಬಿರ' ಎಂದು ಫಲಕದಲ್ಲಿ ಬರೆದರು. ಮಾರ್ಗದರ್ಶಕರ ಜಾಗದಲ್ಲಿ ನನ್ನನ್ನು ಹಾಕಿದರು. ವಿಷಯ ತಿಳಿದು ನಮ್ಮ ಮಾಲೀಕರು ಬ್ಯಾನರು ಕಳಿಸಿದರು. ಕಾರ್ಯದರ್ಶಿ ಸಂಘದ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ, "ಬೇಡ ಅಂದ್ರೆ ಈಗಲೇ ಹೇಳಿಬಿಡಿ," ಎಂದರು. ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಬಾಯಿ ಮುಚ್ಚಿದೆ.

ಶಿಬಿರದ ದಿನ ಹಿಂದಿನ ಜಾಗದಲ್ಲಿ ಇಡೀ ಕಟ್ಟಡವೇ ಕೆಸರಾಯಿತು. ಕಾರ್ಯದರ್ಶಿ ಸೀಟಿಗೂ ಕೆಸರು ಮೆತ್ತಿಕೊಂಡು ಊದುತ್ತಿದ್ದರು. ಊದಿದರೆ ಗುಳ್ಳೆ ಬರುತ್ತಿತ್ತು. ಕುಂಡದಮ್ಮ ಮುಖಕ್ಕೆ ಅರ್ಧ ಗೇಣು ದಪ್ಪ ಬಳಿದುಕೊಂಡು, ಒಣಗುವವರೆಗೆ ಮಾತಾಡಬಾರದೆಂದು ಕೈಸನ್ನೆಯಲ್ಲೇ ಎಲ್ಲರನ್ನೂ ಬೈಯುತ್ತಿದ್ದರು. ಮಾಲೀಕರು ಬ್ಯಾನರು ಕಟ್ಟಲು ಬಂದವರು ಜಾರಿ, ತಮ್ಮ ಅಂಗಡಿಯ ಘೋಷಣೆಯ ಕೆಳಗೇ ಅಂಗಾತ ಮಲಗಿದರು. ಅವರನ್ನು ಎಬ್ಬಿಸಲು ಹೋದವರೂ ಮಲಗಿದರು. ನಾನು ಎಲ್ಲರಿಗೂ ತೆವಳುವುದನ್ನು ಹೇಳಿಕೊಡಬೇಕಾಗಿ ಬಂದು, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು, ಅಂದರೆ ಮಗ್ಗುಲಾಗಿ ಏಳುವುದನ್ನು, ಕಲಿಸಿದೆ. ಅದು ಮುಗಿದ ಮೇಲೆ, ಹಿಂದಿನ ನಲ್ಲಿಯ ಸುತ್ತ ಕೆಸರೇ ತುಂಬಿದ್ದರಿಂದ, ಎಲ್ಲರೂ ಕಾಲು ತೊಳೆಯಲು ಕಟ್ಟಡದ ಮುಂದಿನ ನಲ್ಲಿಯ ಕಡೆ ಹೊರಟರು. ಮುಂದಿನ ನಲ್ಲಿ ಇರುವುದು ನಮ್ಮ ಮನೆ ಬಾಗಿಲಲ್ಲಿ.

ಗಲಾಟೆಗೆ ಅಪ್ಪ ಬಾಗಿಲು ತೆರೆದರು. ಹೊಸ್ತಿಲ ಮೇಲೆ ನಿಂತು, ಕೆಸರು ಮೆತ್ತಿದ ಆ ಜನವನ್ನೆಲ್ಲ ನೋಡಿದರು.

"ಏನ್ರೋ ಇದು! ಓಣಿ ಮಕ್ಕಳೆಲ್ಲ ಸೇರಿ ಹೊಂಡಕ್ಕೆ ಬಿದ್ದಿದೀರಾ?" ಎಂದು ಗದರಿದರು. "ಯಾರೂ ಒಳಗೆ ಬರಬೇಡಿ! ನೆಲ ಹಸಿ ಇದೆ! ಸಾಲಾಗಿ ನಿಲ್ಲಿ!"

ಇಷ್ಟು ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ ಕಾರ್ಯದರ್ಶಿಯೇ ಮೊದಲು ನಿಂತರು. ಅಪ್ಪನ ದನಿ ಅಂಥದ್ದು. ನನ್ನ ಹೆಂಡತಿ ಬಕೆಟ್ಟು ತಂದಿಟ್ಟಳು. ಅಪ್ಪ ಮಂಡಿಯೂರಿ ಕೂತು ಕಾರ್ಯದರ್ಶಿಯ ಕಾಲು ಹಿಡಿದರು.

"ಯಾರ ಮನೆ ಹುಡುಗ ನೀನು?"

"ಮೂರನೇ ಮಹಡಿ ಸಾರ್."

"ಇಷ್ಟು ದೊಡ್ಡವನಾಗಿದೀಯ, ಬುದ್ಧಿ ಬೇಡ್ವಾ? ಚಿಕ್ಕ ಮಕ್ಕಳನ್ನ ಕರ್ಕೊಂಡು ಹೊಂಡಕ್ಕೆ ಹೋಗೋದಾ?"

"ತಪ್ಪಾಯ್ತು ಸಾರ್," ಎಂದರು ಕಾರ್ಯದರ್ಶಿ. ಮೊದಲು ಅವರಿಗೆ ನಗು ಬಂದಿತ್ತು. ಅಪ್ಪ ಬೆರಳ ಸಂದಿಯಲ್ಲಿ ಹೆಬ್ಬೆರಳು ಹಾಕಿ ಉಜ್ಜತೊಡಗಿದ ಮೇಲೆ ನಗು ನಿಂತಿತು. ಅವರು ನನ್ನ ಕಡೆ ತಿರುಗಿ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಕುಂಡದಮ್ಮನ ಕಾಲು ತೊಳೆಯುವಾಗ, "ಹೆಣ್ಣುಮಗು, ನೀನೂ ಇವರ ಜೊತೆ ಸೇರಿದ್ಯಾ? ಅಳಬೇಡ, ನಾನು ನಿಮ್ಮಮ್ಮಂಗೆ ಹೇಳಲ್ಲ," ಎಂದರು. ಕುಂಡದಮ್ಮನ ಮುಖದ ದಪ್ಪ ಕೆಸರಿನಲ್ಲಿ ಎರಡು ಗೆರೆಗಳು ಇಳಿದವು. ಮಾಲೀಕರು ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ನೀರಿನ ಸದ್ದು, ಅಪ್ಪ ಬೈಯುವ ಸದ್ದು, ಅಷ್ಟೇ.

ಸಾಲಿನ ಕೊನೆಯಲ್ಲಿ ನಾನಿದ್ದೆ. ಅಪ್ಪ ಬಂದು ಕೂತರು. ನನ್ನ ಮುಖ ಅವರಿಗೆ ಚೆನ್ನಾಗಿ ಕಾಣಲೆಂದು ಬಗ್ಗಿದೆ. ಅವರು ಕಾಲು ಹಿಡಿದರು, ಉಗುರುಗಳನ್ನು ನೋಡಿದರು, ತೊಳೆದರು. ನಾನು ಆ ಒಂದು ಮಾತಿಗಾಗಿ ಕಾಯುತ್ತಿದ್ದೆ.

"ನೀನು ಯಾರ ಮನೆ ಹುಡುಗನಪ್ಪಾ?"

"ಇದೇ ಮನೆ ಅಪ್ಪಾ," ಎಂದೆ.

"ಸುಳ್ಳು ಹೇಳಬೇಡ. ಈ ಮನೇಲಿ ಇರೋನು ಒಬ್ಬನೇ, ನಮ್ಮ ಎಮ್ಮೆ." ಅವರು ಎದ್ದು, ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತಾ ಹೋಗಿ, ತಿರುಗಿ ನನ್ನ ಹತ್ತಿರವೇ ಬಂದರು. "ಎಲ್ಲರೂ ಬಂದಿದೀರ, ಅವನೊಬ್ಬ ಬಂದಿಲ್ಲ. ನಿಮ್ಮ ಜೊತೆ ಇರ್ಲಿಲ್ವಾ?"

ನಾನೇ ಕರೆದು ತಂದ ಕೆಸರು ಮುಖಗಳ ನಡುವೆ ನನ್ನ ಮುಖ ಕಳೆದುಹೋಗಿತ್ತು.

"ಬೈತೀನಿ ಅಂತ ಹೆದರಿಕೊಂಡು ಎಲ್ಲೋ ಮರೆಗೆ ನಿಂತಿರ್ತಾನೆ," ಎಂದರು ಅಪ್ಪ. ಗದರುತ್ತಿದ್ದ ದನಿ ಹೋಗಿತ್ತು. "ಕಂಡ್ರೆ ಹೇಳಪ್ಪ, ಬೈಯಲ್ಲ ಬಾ ಅಂತ."

"ಹೇಳ್ತೀನಿ," ಎಂದೆ.

ಜನ ಒಬ್ಬೊಬ್ಬರಾಗಿ ಸದ್ದಿಲ್ಲದೆ ಹೊರಟುಹೋದರು. ಕಾರ್ಯದರ್ಶಿ ಹೋಗುವಾಗ ಫಲಕವನ್ನು ತಾವೇ ಒರೆಸಿ ಹೋದರು. ಅಪ್ಪ ಮೆಟ್ಟಿಲ ಮೇಲೆ ಕೂತು ಗೇಟಿನ ಕಡೆ ನೋಡತೊಡಗಿದರು. ಹೊಸ ನೀರು ತುಂಬಿದ ಬಕೆಟ್ಟು ಪಕ್ಕದಲ್ಲಿತ್ತು. ಹೆಂಡತಿ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ, "ಇನ್ನೊಂದು ಸಲ ಬನ್ರಿ. ಈ ಸಲ ಒಬ್ಬರೇ ಬನ್ನಿ," ಎಂದಳು.

ಹಿಂದಿನ ಜಾಗಕ್ಕೆ ಹೋಗಿ ಉರುಳಿದೆ. ನೋವೆಲ್ಲ ಮರೆತು, ಮುಖ ಅಡಿ ಮಾಡಿ, ತಲೆಗೂದಲಿಗೂ ಮೆತ್ತುವ ಹಾಗೆ ಉರುಳಿದೆ. ಕಟ್ಟಡವನ್ನು ಸುತ್ತಿ ರಸ್ತೆಗೆ ಹೋಗಿ, ಗೇಟಿನಿಂದ ಒಳಗೆ ಬಂದೆ. ತಲೆ ತಗ್ಗಿಸಿ, ತಪ್ಪು ಮಾಡಿದ ಹುಡುಗನ ಹಾಗೆಯೇ ನಡೆದೆ. ಅದನ್ನು ನಟಿಸಬೇಕಾಗಲಿಲ್ಲ. ಅಪ್ಪನ ಮುಂದೆ ಬಂದು ನಿಂತೆ.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕತ್ತನ್ನು ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು.

"ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ," ಎಂದರು. "ದಾರಿ ಕಾಣಿಸ್ತಿಲ್ಲ."

ನಾನು ಪಕ್ಕಕ್ಕೆ ಸರಿದೆ. ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಅವರು ಬೇಡವೆನ್ನಲಿಲ್ಲ.

"ಕತ್ತಲಾಗೋದ್ರೊಳಗೆ ಬರ್ತಾನೆ ಅಲ್ವಾ?"

"ಬರ್ತಾನೆ," ಎಂದೆ.

ಇಬ್ಬರೂ ಗೇಟಿನ ಕಡೆ ನೋಡುತ್ತಾ ಕೂತೆವು.